ಗುಂಡಿ ಜೇಕಿನ ವೈನಿ

ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಸುದ್ದಿ ಕೇಳಿದ ಕೂಡಲೇ ಟಾಂಗಾ ಹಿಡಿದು ಸ್ಟೇಷನ್ ಕಡೆಯ ನಮ್ಮ ಈಗಿನ ಮನೆಯಿಂದ ಹೊರಟಿದ್ದೆ. ಆದರೂ ತಡವಾಗಿತ್ತು. ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದ ವೈನಿ ಏನೋ ನೆನಪಾಗಿ ಹಿತ್ತಲಿಗೆ ಎದ್ದು ಹೋದರಂತೆ. ಅಲ್ಲೇ ಕುಸಿದರಂತೆ. ಮಧ್ಯಾಹ್ನದೊಳಗೆ ಎಲ್ಲ ಮುಗಿದಿತ್ತು. ಕಾಯುವುದು ವೈನಿಗೆ ಯಾವತ್ತೂ ಆಗಿಬರಲಿಲ್ಲ. ಹೋಗುವಾಗಲೂ ಯಾರಿಗಾಗಿಯೂ ಕಾಯಲಿಲ್ಲ ಎಂದುಕೊಂಡು ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಬಂದೆ.

ಅವರ ಹೆಸರು ನಾನು ಬರೆಯುವುದಿಲ್ಲ. ಕಲಬುರಗಿ ಕೋಟೆಯ ಹತ್ತಿರದ ಆ ಓಣಿಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದು ಕೇಳಿಲ್ಲ. ಚಿಕ್ಕವರಿಗೆಲ್ಲ, ಅಣ್ಣನ ಹೆಂಡತಿಯನ್ನು ಕರೆಯುವಂತೆ, ವೈನಿ; ಅತ್ತೆಗೆ 'ಏ ಕಮಲಾಪುರದಾಕಿ', ಗಂಡನಿಗೆ ಬರೀ ಒಂದು ಕೆಮ್ಮು. ಆ ಗಂಡ, ನಮ್ಮೆಲ್ಲರ ಅಣ್ಣಾವರು, ಕಾಳಿನ ಪೇಟೆಯಾದ ಗಂಜಿನಲ್ಲಿದ್ದ ತಮ್ಮ ಅಡತಿ ಅಂಗಡಿಯಿಂದ ಬಂದು ಬಾಗಿಲಲ್ಲಿ ಕೆಮ್ಮಿದರೆಂದರೆ ಒಳಗೆ ವೈನಿ ಎಲ್ಲಿದ್ದರೂ ತಂಬಿಗೆ ಹಿಡಿದು ಓಡಿ ಬರುತ್ತಿದ್ದರು. ಓಡುವುದೇ ಅವರ ನಡಿಗೆ.

ನಾನು ಹೊಸ ಸೊಸೆಯಾಗಿ ಆ ಓಣಿಗೆ ಬಂದ ಮಾರನೆಯ ದಿನ ನಮ್ಮ ಅಡುಗೆಮನೆಗೆ ಒಬ್ಬ ಹೆಂಗಸು ನುಗ್ಗಿದರು. ಸಪೂರ ಮೈ, ಕಚ್ಚೆ ಮೇಲೆತ್ತಿ ಸಿಕ್ಕಿಸಿದ ಇಳಕಲ್ ಸೀರೆ, ಮೊಣಕೈವರೆಗೆ ಹಿಟ್ಟು. ನಾನು ಯಾರು ಎಂದು ಕೇಳುವ ಮೊದಲೇ ಉಪ್ಪಿನ ಗಡಿಗೆಯನ್ನು ಎತ್ತಿ ಬೇರೆ ಕಡೆ ಇಟ್ಟರು.

"ಒಲಿ ಬಾಜೂಕ ಉಪ್ಪು ಇಟ್ಟೀಯಲ್ಲ, ಬೆವರತದ ಅದು. ನಿಮ್ಮ ಅತ್ತಿಗೆ ನಾ ಹೇಳಿ ಹೇಳಿ ಸಾಕಾತು. ನೀ ಹೊಸಬಳು, ನೀ ಕೇಳ್ತಿ."

"ಕುಂದ್ರಿ ರೀ," ಎಂದು ನಾನು ಮಣೆ ಹಾಕಿದೆ.

"ಏ, ಬ್ಯಾಡ. ಕುಂತ್ರ ನೆಲ ಕಡೀತದ ನನಗ," ಎಂದು ನಕ್ಕು, ಬಂದ ವೇಗದಲ್ಲೇ ಹೊರಟುಹೋದರು. ಸಂಜೆ ನೋಡಿದರೆ ನಮ್ಮ ಬೀಸುವ ಕಲ್ಲು ಕೂಡ ಜಾಗ ಬದಲಿಸಿತ್ತು.

ಆ ಮಾತು ತಮಾಷೆಯದಲ್ಲ ಎಂದು ನನಗೆ ತಿಳಿದದ್ದು ನಿಧಾನವಾಗಿ. ವೈನಿ ನಿಂತೇ ಉಣ್ಣುತ್ತಿದ್ದರು, ರೊಟ್ಟಿ ಅಂಗೈಯಲ್ಲಿ, ಪಲ್ಯ ಅದರ ಮೇಲೆ. ಕೌದಿ ಹೊಲಿಯಲು ಶುರುಮಾಡಿ ಮೂಲೆ ಮುಗಿಸುವ ಮೊದಲು ಬಿಡುತ್ತಿದ್ದರು. ಬತ್ತಿ ಹೊಸೆಯುತ್ತಾ ಎದ್ದು ತೊಲೆಯ ಜೇಡರಬಲೆ ತೆಗೆಯುತ್ತಿದ್ದರು. ಅದನ್ನೂ ಬಿಟ್ಟು ನಮ್ಮ ಮನೆಗೆ ಬಂದು 'ನಾ ಯಾತಕ್ಕ ಬಂದೆ?' ಎಂದು ನನ್ನನ್ನೇ ಕೇಳುತ್ತಿದ್ದರು. ಹೆತ್ತ ಕೂಸುಗಳು ಒಂದೂ ಉಳಿದಿರಲಿಲ್ಲ. ಅದರ ಮಾತು ಅವರು ಆಡುತ್ತಿರಲಿಲ್ಲ. ಓಣಿಯಲ್ಲಿ ಯಾರದಾದರೂ ಕೂಸು ಅತ್ತರೆ ಮಾತ್ರ, ಮಾಡುತ್ತಿದ್ದ ಕೆಲಸ ಬಿಟ್ಟು ಇನ್ನೊಂದು ಕೆಲಸ ಹಿಡಿಯುತ್ತಿದ್ದರು.

ಅಂಥವರು ಪಟ್ಟು ಹಿಡಿದು ಕೊನೆ ಮುಟ್ಟಿಸಿದ್ದು ಒಂದನ್ನೇ. ಅದು ಜೇಕು.

ಜೇಕು ಅಂದರೆ ರೈತರ ಮನೆಯವರು ಮೂಗು ಮುರಿಯುತ್ತಾರೆ. ಹೊಲದಲ್ಲಿ ಎಷ್ಟು ಕಿತ್ತರೂ ಗಡ್ಡೆ ಉಳಿದು ಮತ್ತೆ ಏಳುವ ಕಳೆ ಅದು. ಆದರೆ ಕಮಲಾಪುರದ ಬಾಳೆತೋಟಗಳಲ್ಲಿ, ನೀರು ಹಾಯಿಸುವ ಕಾಲುವೆಗಳ ದಂಡೆಗೆ, ಇನ್ನೊಂದು ಬಗೆಯ ಜೇಕು ಇರುತ್ತದೆ. ಗೇಣುದ್ದದ ಹುಲ್ಲು. ತುದಿಯಲ್ಲಿ ಅಂಗಿಯ ಗುಂಡಿಯಷ್ಟು ದಪ್ಪದ, ದುಂಡಗಿನ ಬಿಳಿ ಹೂವು. ಹೂವಿನ ಕೆಳಗೆ ಮೂರು ಉದ್ದ ಎಲೆಗಳು ಮೂರು ದಿಕ್ಕಿಗೆ ಚಾಚಿರುತ್ತವೆ. ಬೇರು ತಿಕ್ಕಿ ಮೂಸಿದರೆ ಘಮ್ಮೆನ್ನುತ್ತದೆ. ವೈನಿ ಅದನ್ನು ಗುಂಡಿ ಜೇಕು ಅನ್ನುತ್ತಿದ್ದರು. ಅವರ ತವರು ಕಮಲಾಪುರ. ತಂದೆಯದು ಕೆಂಪು ಬಾಳೆಯ ತೋಟ. ಮದುವೆಗೆ ಮೊದಲು ದಿನದ ಕೆಲಸ ಮುಗಿದ ಮೇಲೆ ಕಾಲುವೆಯಲ್ಲಿ ಕಾಲು ಬಿಟ್ಟು ಆ ಹೂವಿನ ನಡುವೆ ಕೂರುತ್ತಿದ್ದರಂತೆ. "ಅಲ್ಲಿ ಮಾತ್ರ ನೆಲ ಕಡೀತಿರಲಿಲ್ಲ ನೋಡು," ಅನ್ನುತ್ತಿದ್ದರು.

ಕಲಬುರಗಿಯ ಅವರ ಮನೆಯಲ್ಲಿ ಹಸಿಯಾದ ಜಾಗ ಅಂತ ಇದ್ದದ್ದು ಬಚ್ಚಲಿನ ಹಿಂದೆ ಒಂದೇ. ಉಳಿದದ್ದೆಲ್ಲ ಫರಸಿ, ಅಂದರೆ ಹಾಸುಗಲ್ಲು. ಅಂಗಳಕ್ಕೆ ಫರಸಿ, ಪಡಸಾಲೆಗೆ ಫರಸಿ, ಮಾಳಿಗೆಗೂ ಫರಸಿ. ಬೇಸಿಗೆಯಲ್ಲಿ ಮನೆಯೇ ಒಂದು ಹೆಂಚು. ಬಾಳೆಯ ಗಾಡಿಯಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿ ತರಿಸಿದ ಮೊದಲ ಕಂತೆಯನ್ನು ವೈನಿ ಬಚ್ಚಲ ನೀರು ಹರಿಯುವಲ್ಲಿ ಹಚ್ಚಿದರು. ವಾರದೊಳಗೆ ಕಂದಿಹೋಯಿತು. ಸೀಗೆಕಾಯಿ, ಬೂದಿ, ಪಾತ್ರೆ ತಿಕ್ಕಿದ ಜಿಡ್ಡು ಎಲ್ಲ ನೇರ ಬೇರಿಗೆ ಹೋಗುತ್ತಿತ್ತು. ಎರಡನೆಯ ಸಲ ಬಚ್ಚಲ ಬಾಯಿಗೆ ಒಂದು ಸಣ್ಣ ತಗ್ಗು ತೋಡಿ, ಮರಳು ಮತ್ತು ಹರಳುಗಲ್ಲು ತುಂಬಿದರು. ನೀರು ಅದರಲ್ಲಿ ಸೋಸಿ ಮುಂದೆ ಹೋಗಬೇಕು. ಆದರೆ ಅವಸರಕ್ಕೆ ಗಿಡಗಳನ್ನು ಆಳಕ್ಕೆ ಹೂತಿದ್ದರು. ಬೇರು ಕೊಳೆಯಿತು.

ಆಗ ತವರಿಗೆ ಹೋದವರು ಕಾಲುವೆಯ ದಂಡೆಯಲ್ಲಿ ಬೋರಲಾಗಿ ಮಲಗಿ, ಜೇಕಿನ ಬೇರು ಎಲ್ಲಿದೆ ಎಂದು ಮಣ್ಣು ಕೆದರಿ ನೋಡಿದರಂತೆ. ಅವರ ಅಣ್ಣ ಗಾಬರಿಯಾಗಿ ಓಡಿ ಬಂದನಂತೆ.

"ಅರಿವಿ ಒಳಗ ದಾರ ಹೆಂಗ ಹೋಗ್ತದ, ಹಂಗ ಮ್ಯಾಲ ಮ್ಯಾಲ ಹೋಗ್ಯಾವ ಬೇರು," ಎಂದು ಬಂದು ನನಗೆ ಹೇಳಿದರು. "ನಾ ಮಡ್ಡಿ, ಹೆಣಾ ಹುಗದಂಗ ಹುಗದಿದ್ದೆ."

ಮೂರನೆಯ ಸಲ ಕೆರೆಯ ಕರಿಮಣ್ಣು ತರಿಸಿದರು. ಕಂತೆಯನ್ನು ಬೇರುಸಮೇತ ಬಿಡಿಸಿ, ಚೂರು ಚೂರು ಮಾಡಿ, ಮಣ್ಣಿನ ಮಟ್ಟಕ್ಕೇ ಒತ್ತಿದರು. ಪಶ್ಚಿಮದ ಬಿಸಿಲಿಗೆ ಅಡ್ಡ ಒಂದು ಔಡಲ ಗಿಡ ಹಚ್ಚಿದರು. ನೀರು ನಿಲ್ಲಬಾರದು, ಮಣ್ಣು ಆರಲೂಬಾರದು. ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಬಚ್ಚಲ ಹಿಂದೆ ಬಿಳಿ ಗುಂಡಿಗಳು ಎದ್ದು ನಿಂತವು. ಕಂದಿದ ಹೂವನ್ನು ಅವರು ಆಗಾಗ ಕತ್ತರಿಸುತ್ತಿದ್ದರು, ಹೊಸದು ಬರಲಿ ಎಂದು. ಅದು ಎಲ್ಲೆಂದರಲ್ಲಿ ಹರಿಯಬಾರದೆಂದು ಸುತ್ತ ಕಲ್ಲು ಹುಗಿದಿದ್ದರು. ಆದರೂ ಒಂದು ಸಾಲು ಗೋಡೆಯ ಅಡಿಯಿಂದ ನಮ್ಮ ಹಿತ್ತಲಿಗೆ ಬಂತು. ನಾನು ಕೀಳಲಿಲ್ಲ.

ಅವರ ಅತ್ತೆಗೆ ಇದು ಕಣ್ಣಿಗೆ ಕಸ. ನಾವೆಲ್ಲ ಅವರನ್ನು ಆಯಿ ಅನ್ನುತ್ತಿದ್ದೆವು. ಹಣೆ ತುಂಬ ವಿಭೂತಿ, ದೊಡ್ಡ ದನಿ. "ಹೊಲದಾಗ ಕಿತ್ತು ಒಗಿಯೋ ಜೇಕು ಮನ್ಯಾಗ ತಂದು ಹಚ್ಚ್ಯಾಳ. ನಾಳಿಗೆ ಕರ್ಕಿ ತಂದು ದೇವರ ಜಗಲಿ ಮ್ಯಾಲ ಹಚ್ತಾಳ!" ಎಂದು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ವೈನಿ ಜಗಳ ಆಡುತ್ತಿರಲಿಲ್ಲ. ಅತ್ತೆಯ ಕಾಲಿಗೆ ಎಣ್ಣೆ ಹಚ್ಚುತ್ತಾ, ನಡುವೆ ಎದ್ದು ಹೋಗಿ, ಒಂದು ತಂಬಿಗೆ ನೀರು ಹಾಕಿ ಬಂದು ಮತ್ತೆ ಎಣ್ಣೆ ಹಚ್ಚುತ್ತಿದ್ದರು.

ಒಮ್ಮೆ ಊರಲ್ಲಿ ಚಳಿಜ್ವರ ಹೆಚ್ಚಾಗಿ ಸಫಾಯಿ ಖಾತೆಯ ದಾರೋಗಾ ಮನೆಮನೆಯ ಹಿತ್ತಲು ನೋಡುತ್ತಾ ಬಂದ. ಶೇರವಾನಿ ತೊಟ್ಟ ವಯಸ್ಸಾದ ಮನುಷ್ಯ. ಜೇಕು ಕಂಡು ನಿಂತುಬಿಟ್ಟ.

"ಯೇ ಕ್ಯಾ ಮಾ? ಮೋಥಾ ಪಾಲ್ ರಹೇ?" ಎಂದ. ಮೋಥಾ ಅಂದರೆ ಉರ್ದುವಿನಲ್ಲಿ ಜೇಕೇ. ಕಳೆಯನ್ನು ಸಾಕುತ್ತೀರಾ ಎಂದು ಅವನಿಗೆ ಸೋಜಿಗ. ಸೊಳ್ಳೆಯಾಗುತ್ತದೆ, ಮುಚ್ಚಿಸಿ ಎಂದು ಹೇಳಿದ. ವೈನಿ ಸೆರಗು ಮುಂದಕ್ಕೆ ಎಳೆದುಕೊಂಡು, ಬರಿಗಾಲಿನಿಂದ ಆ ಮಣ್ಣನ್ನು ಒತ್ತಿ ತೋರಿಸಿದರು. ಹೆಜ್ಜೆ ಮೂಡಿತು, ಆದರೆ ಅದರಲ್ಲಿ ನೀರು ನಿಲ್ಲಲಿಲ್ಲ. ಅವನು ಬಗ್ಗಿ ನೋಡಿ, ಗಡ್ಡ ನೀವಿಕೊಂಡು, ಒಂದು ಗಿಡ ಬೇರುಸಮೇತ ಕಿತ್ತು ಮೂಸಿ, 'ಬೂ ಅಚ್ಛೀ ಹೈ', ವಾಸನೆ ಚೆನ್ನಾಗಿದೆ ಎಂದು ಹೊರಟುಹೋದ. ಆಮೇಲೆ ಬಹಳ ದಿನ ವೈನಿ ಅವನ ನಡಿಗೆ ತೋರಿಸಿ ನಮ್ಮನ್ನು ನಗಿಸುತ್ತಿದ್ದರು.

ಪ್ಲೇಗಿನ ವರ್ಷ ಓಣಿಯೇ ಖಾಲಿಯಾಗಿ ಎಲ್ಲರೂ ಊರ ಹೊರಗೆ ಗುಡಿಸಲು ಹಾಕಿಕೊಂಡೆವು. ಸತ್ತ ಇಲಿಗಳಿದ್ದ ಊರಿಗೆ ಯಾರೂ ಕಾಲಿಡಬಾರದು. ವೈನಿ ಒಂದು ಮಧ್ಯಾಹ್ನ ಕಾಣೆಯಾದರು. ಬೆವರು ಸುರಿಸುತ್ತಾ ಮರಳಿದಾಗ ಜೇಕಿಗೆ ನೀರು ಹಾಕಿ ಸೀರೆಯ ಅಂಚು ಒದ್ದೆಯಾಗಿತ್ತು. ಆಯಿ ಕೂಗಾಡಿದರು. ಅಣ್ಣಾವರು ಮರುದಿನದಿಂದ ಗುಡಿಸಲಿನ ಬಾಗಿಲಿಗೆ ಅಡ್ಡವಾಗಿ ತಾವೇ ಹಾಸಿಗೆ ಹಾಸಿಕೊಂಡರು. ನಾವು ಊರಿಗೆ ಮರಳುವಷ್ಟರಲ್ಲಿ ಜೇಕು ಒಣಗಿ ಕಡ್ಡಿಯಾಗಿತ್ತು. ನಾಲ್ಕು ದಿನ ನೀರು ಬಿದ್ದ ಮೇಲೆ ಬುಡದಿಂದ ಹಸಿರು ಬಂತು.

ಇದಾದ ಮೇಲೆ ಆ ಮನೆಯಲ್ಲಿ ಅಣ್ಣಾವರಿಗೆ ಎರಡನೆಯ ಮದುವೆಯ ಮಾತು ಎದ್ದಿತು. ಆಯಿಗೆ ಮೊಮ್ಮಗ ಬೇಕಿತ್ತು. ಅಂಗಡಿಗೆ ಮುಂದೆ ಕೂರುವವರು ಬೇಕಿತ್ತು. ಕಮಲಾಪುರದಲ್ಲೇ ಒಂದು ಹುಡುಗಿ ಇದ್ದಾಳೆ, ತೋಟದವರ ಮಗಳು, ಒಳ್ಳೆಯ ಮನೆತನ ಎಂದು ಯಾರೋ ಹೇಳಿದ್ದರು. ಆಯಿ ಈ ಮಾತನ್ನು ವೈನಿಗೆ ಹೇಳಿದಾಗ ನಾನು ಅಲ್ಲೇ ಇದ್ದೆ.

"ಆಗ್ಲಿ ಅತ್ತಿ, ಮಾಡ್ರಿ," ಎಂದರು ವೈನಿ, ತಡವಿಲ್ಲದೆ. "ಆದ್ರ ಹುಡುಗಿನ್ನ ಮೊದಲ ನಾ ನೋಡಿ ಬರ್ತೀನಿ. ನನ್ನ ಜೋಡಿ ಇರೋದು ಆಕಿ."

ಆಯಿಗೇ ಆಶ್ಚರ್ಯವಾಯಿತು. ಒಬ್ಬರೇ ಹೋಗಬಾರದೆಂದು ನನ್ನನ್ನು ಜೊತೆಗೆ ಕಳಿಸಿದರು. ಮಹಾಗಾಂವ್ ದಾಟುವವರೆಗೂ ವೈನಿ ಗಾಡಿಯಲ್ಲಿ ಇದ್ದದ್ದಕ್ಕಿಂತ ಗಾಡಿಯ ಪಕ್ಕ ನಡೆದದ್ದೇ ಹೆಚ್ಚು. ಎತ್ತುಗಳಿಗಿಂತ ಮುಂದೆ ಹೋಗಿ, ತಿರುಗಿ ನಿಂತು, ನಮ್ಮನ್ನೇ ಬೇಗ ಬರಲು ಕರೆಯುತ್ತಿದ್ದರು.

ಹುಡುಗಿಯ ಮನೆಯಲ್ಲಿ ತಾಯಿ ನಮ್ಮನ್ನು ಒಳ್ಳೆಯ ಮಾತಿನಿಂದ ಕರೆದು, ಸಜ್ಜಕ ಮಾಡಿ ಬಡಿಸಿದಳು. ಹುಡುಗಿ ತೋಟದಲ್ಲಿದ್ದಾಳೆ, ಕರೆಸುತ್ತೇನೆ ಎಂದಳು. "ಕರೆಸೋದ್ಯಾಕ, ನಾವೇ ಹೋಗ್ತೀವಿ," ಎಂದು ವೈನಿ ಎದ್ದರು.

ಬಾಳೆಯ ನೆರಳಿನಲ್ಲಿ, ಕಾಲುವೆಯ ದಂಡೆಯಲ್ಲಿ, ಹದಿಮೂರು ಹದಿನಾಲ್ಕರ ಹುಡುಗಿಯೊಬ್ಬಳು ನೀರಿನಲ್ಲಿ ಕಾಲು ಬಿಟ್ಟು ಕೂತಿದ್ದಳು. ಅವಳ ಸುತ್ತ ಗುಂಡಿ ಜೇಕು ಬೆಳ್ಳಗೆ ಹೂ ಬಿಟ್ಟಿತ್ತು. ನಮ್ಮನ್ನು ನೋಡಿ ದಡಬಡಿಸಿ ಎದ್ದು ಸೀರೆ ಸರಿಮಾಡಿಕೊಂಡಳು.

"ಏನ್ ಮಾಡ್ಲಾಕತ್ತಿದ್ದಿ?" ಎಂದರು ವೈನಿ.

"ಏನಿಲ್ರಿ. ಕುಂತಿದ್ದೆ."

"ದಿನಾ ಇಲ್ಲೇ ಕುಂದ್ರತೀಯೇನು?"

"ಹೂಂ ರೀ."

ಅಷ್ಟೇ. ವೈನಿ ಅವಳ ಮುಖವನ್ನೇ ಒಂದು ಗಳಿಗೆ ನೋಡಿದರು. ಅವಳ ಕೆನ್ನೆ ಮುಟ್ಟಿದರು. ಆಮೇಲೆ ನನ್ನ ಕೈ ಹಿಡಿದು "ನಡಿ" ಎಂದರು. ತವರಿಗೂ ಹೋಗಲಿಲ್ಲ. ಗಾಡಿ ಊರು ದಾಟಿದ ಮೇಲೆ, "ಆ ಕೂಸಿನ್ನ ಆ ಫರಸಿ ಮನಿಗೆ ನಾ ತರಂಗಿಲ್ಲ," ಎಂದರು.

ಮನೆಯಲ್ಲಿ ಆಯಿ ಕಾದಿದ್ದರು. ವೈನಿ ಚಪ್ಪಲಿ ಬಿಡುವ ಮೊದಲೇ ಹೇಳಿದರು.

"ಆ ಹುಡುಗಿ ಬ್ಯಾಡ ಅತ್ತಿ. ಯಾವ ಹುಡುಗಿನೂ ಬ್ಯಾಡ."

"ಬ್ಯಾಡ ಅನ್ಲಿಕ್ಕೆ ನೀ ಯಾರ?"

"ಹೋಗಿ ನೋಡಿ ಬಂದಾಕಿ ನಾ. ನೀರಿನ ದಂಡಿಯಿಂದ ನನ್ನ ಕಿತ್ತು ತಂದು ಈ ಕಲ್ಲಿನ ಮ್ಯಾಲ ಇಟ್ರಿ. ನಾ ಹೆಂಗೋ ಇದ್ದೀನಿ. ಇನ್ನೊಬ್ಬಾಕಿಗೆ ಇದು ಬ್ಯಾಡ. ನೀವು ಮಾಡೇ ತೀರ್ತೀರಂದ್ರ ನಾ ಈ ಮನ್ಯಾಗ ಇರಂಗಿಲ್ಲ."

ಮಕ್ಕಳಿಲ್ಲದ ಹೆಂಗಸು ಆ ಕಾಲದಲ್ಲಿ ಅತ್ತೆಯ ಎದುರು ಹಾಗೆ ನಿಂತು ಮಾತಾಡುವುದೆಂದರೆ ಏನು ಎಂದು ಈಗಿನವರಿಗೆ ತಿಳಿಯಲಿಕ್ಕಿಲ್ಲ. ತವರಿನಲ್ಲಿ ತಂದೆ ಇರಲಿಲ್ಲ. ತೋಟ ಅಣ್ಣನದು, ಅತ್ತಿಗೆಯದು. ಹೊರಗೆ ಹಾಕಿದರೆ ಹೋಗಲು ಸ್ವಂತದ್ದೆಂಬ ಜಾಗ ಇರಲಿಲ್ಲ. ಸಂಜೆ ಅಣ್ಣಾವರು ಬಂದು ಕೆಮ್ಮಿದರು. ವೈನಿ ನೀರು ಕೊಟ್ಟರು. ಆಯಿ ಎಲ್ಲವನ್ನೂ ಹೇಳಿ, "ಈಗ ನೀ ಏನಂತಿ?" ಎಂದು ಕೇಳಿದರು. ಅಣ್ಣಾವರು ನೀರು ಕುಡಿದು, ತಂಬಿಗೆ ಕೆಳಗಿಟ್ಟು, "ಬ್ಯಾಡಂತಾಳಲ್ಲವ್ವ, ಬಿಡು," ಎಂದು ಒಳಗೆ ಹೋದರು.

ಆಯಿ ಬಿಡಲಿಲ್ಲ. ಮಗನ ಮೇಲೆ ನಡೆಯದ ಸಿಟ್ಟು ಬೇರೆ ದಾರಿ ಹಿಡಿಯಿತು. ವೈನಿ ಒಂದು ದಿನ ಗುಡಿಗೆ ಹೋಗಿದ್ದಾಗ ಗೌಂಡಿಗಳನ್ನು ಕರೆಸಿ, ಬಚ್ಚಲ ಹಿಂದಿನ ಜಾಗಕ್ಕೆ ಫರಸಿ ಹಾಸಿಸಿ, ಮೇಲೆ ತೊಗರಿಯ ಚೀಲ ಒಟ್ಟಿಸಿದರು. ನಾನು ಗೋಡೆಯ ಈಚೆಯಿಂದ ಕಲ್ಲು ಬೀಳುವ ಸದ್ದು ಕೇಳಿ ಓಡಿಹೋದೆ. "ಆಯಿ, ವೈನಿ ಬರೋತನಕ ತಡೀರಿ," ಎಂದೆ. "ನಿನ್ನ ಮನಿ ನೀ ನೋಡ್ಕೋ," ಎಂದರು.

ವೈನಿ ಬಂದರು. ನೋಡಿದರು. ಚೀಲಗಳ ಪಕ್ಕ ಉಳಿದ ಆ ಹೊಸ ಕಲ್ಲಿನ ಮೇಲೆ ಕೂತುಬಿಟ್ಟರು. ಅವರು ಅಷ್ಟು ಹೊತ್ತು ಕದಲದೆ ಕೂತದ್ದನ್ನು ನೋಡಿ ನನಗೆ ಹೆದರಿಕೆಯಾಯಿತು. ಆಯಿಗೂ ಆಗಿರಬೇಕು, ಎರಡು ಸಲ ಬಾಗಿಲಿಗೆ ಬಂದು ನೋಡಿ ಒಳಗೆ ಹೋದರು. ಮಾರನೆಯ ಬೆಳಿಗ್ಗೆ ವೈನಿ ಬಾಳೆ ಇಳಿಸಿ ಮರಳುತ್ತಿದ್ದ ಗಾಡಿ ಹತ್ತಿ ಕಮಲಾಪುರಕ್ಕೆ ಹೊರಟುಹೋದರು.

ಆ ಮಳೆಗಾಲ ಪೂರ್ತಿ ಅವರು ಅಲ್ಲೇ ಇದ್ದರು. ಅತ್ತಿಗೆಯ ಮುಖ ದಿನದಿನಕ್ಕೆ ಬಿಗಿಯಾಗುತ್ತಿತ್ತು ಎಂದು ಗಾಡಿಯವನು ಹೇಳುತ್ತಿದ್ದ. ಇಲ್ಲಿ ಅಣ್ಣಾವರು ಅಂಗಡಿಯಿಂದ ಬಂದು ಬಾಗಿಲಲ್ಲಿ ಕೆಮ್ಮಿ, ಯಾರೂ ಬರದಿದ್ದಾಗ ತಾವೇ ಕೊಡದಿಂದ ನೀರು ತೆಗೆದುಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ಹಮಾಲರನ್ನು ಕರೆತಂದು ತೊಗರಿ ಚೀಲ ಎತ್ತಿಸಿದರು. ಧೋತರ ಮೇಲೆ ಕಟ್ಟಿ, ಹಾರೆ ಹಿಡಿದು, ತಾವೂ ಕೈಹಚ್ಚಿ ಫರಸಿ ಕಿತ್ತರು. ಆಯಿ ಪಡಸಾಲೆಯಲ್ಲಿ ಕೂತು ಜಪದ ಮಣಿ ಎಣಿಸುತ್ತಿದ್ದರು.

ಅಲ್ಲಿಂದ ಅವರು ನೇರ ಕಮಲಾಪುರಕ್ಕೆ ಹೋದದ್ದು, ಏನು ಹೇಳಿದ್ದು ಎಂಬುದನ್ನು ವೈನಿಯೇ ನನಗೆ ಹೇಳಿದರು. "ಬಂದ್ರು, ತ್ವಾಟದಾಗ ನಿಂತ್ರು. 'ಕಲ್ಲು ತೆಗಿಸೀನಿ' ಅಂದ್ರು. 'ನನ್ನ ಕೈ ನೋಡು' ಅಂದ್ರು. ಬೊಬ್ಬಿ ಬಂದಿದ್ವು. ಗಂಟು ಕಟ್ಕೊಂಡು ಗಾಡಿ ಹತ್ತಿದೆ."

ಕಲ್ಲಿನ ಅಡಿಯಲ್ಲಿ ಜೇಕು ಬಹಳ ಮಟ್ಟಿಗೆ ಸತ್ತಿತ್ತು. ಅಂಚಿನಲ್ಲಿ ಮಾತ್ರ ಬಿಳಿಚಿಕೊಂಡ ಬೇರು ಜೀವ ಹಿಡಿದಿದ್ದವು. ವೈನಿ ಸತ್ತದ್ದನ್ನು ಹೆಕ್ಕಿ ತೆಗೆದು, ಕಮಲಾಪುರದ ಹೊಸ ಕಂತೆ ಸೇರಿಸಿದರು. ಎರಡನೆಯ ಮದುವೆಯ ಮಾತು ಮತ್ತೆ ಬರಲಿಲ್ಲ. ದೂರದ ಮೈದುನನೊಬ್ಬನ ಮಗ ಅಂಗಡಿಗೆ ಬಂದು ಕೂತ. ಆಯಿ ಕೊನೆಗೆ ಹಾಸಿಗೆ ಹಿಡಿದಾಗ ಅವರನ್ನು ಎತ್ತಿ ಇಳಿಸಿ ನೋಡಿಕೊಂಡದ್ದು ಈ ವೈನಿಯೇ. ಕಥೆ ಇಲ್ಲಿಗೇ ನಿಂತಿದ್ದರೆ ಎಲ್ಲರೂ ಹೇಳುವಂತೆ ನಾನೂ ಅವರನ್ನು ಪುಣ್ಯವಂತೆ ಎಂದು ಹೇಳಿ ಸುಮ್ಮನಾಗುತ್ತಿದ್ದೆ.

ಹಲವು ವರ್ಷಗಳ ಮೇಲೆ, ನಾವಿಬ್ಬರೂ ಹಿತ್ತಲಲ್ಲಿ ಬೇಳೆ ಹಸನು ಮಾಡುತ್ತಿದ್ದಾಗ, ಒಬ್ಬ ಹೆಂಗಸು ಬಾಗಿಲಲ್ಲಿ ನಿಂತು ಕರೆದಳು. ಬಿಸಿಲಿಗೆ ಕಪ್ಪಾದ ಮುಖ, ಗಟ್ಟಿ ಕೈಗಳು. ಗಂಡನನ್ನು ದವಾಖಾನೆಗೆ ತಂದಿದ್ದಾಳಂತೆ. ಆಳಂದದ ಕಡೆಯ ಒಂದು ಹಳ್ಳಿ.

"ನನ್ನ ಗುರ್ತು ಸಿಗಲಿಲ್ಲೇನ್ರಿ ಅಕ್ಕಾರ? ಕಮಲಾಪುರದಾಗ ನೀವು ನನ್ನ ನೋಡ್ಲಾಕ ಬಂದಿದ್ರಿ."

ವೈನಿ ಮೊರ ಕೆಳಗಿಟ್ಟು ಎದ್ದರು. ಹಿತ್ತಲಿಗೇ ಕರೆದು, ಬೆಲ್ಲ ನೀರು ಕೊಟ್ಟರು. ಅವಳು ಜೇಕಿನ ಕಡೆ ನೋಡಿದಳು. ಕಣ್ಣು ಬೇರೆ ಕಡೆ ತಿರುಗಿಸಿದಳು.

"ಒಂದು ಮಾತು ಕೇಳಬೇಕಂತ ಬಂದೀನಿ ರೀ. ಸಿಟ್ಟಿಗಿ ಏಳಬ್ಯಾಡ್ರಿ. ನನ್ನ ಯಾಕ ಬ್ಯಾಡ ಅಂದ್ರಿ?"

"ಅಯ್ಯ ಕೂಸ, ನಿನ್ನ ಒಳ್ಳೇದಕ್ಕಂತ..." ವೈನಿ ತಡವರಿಸಿದರು. "ಆ ನೀರಿನ ದಂಡ್ಯಾಗ ಎಷ್ಟು ಸುಖದಿಂದ ಕುಂತಿದ್ದಿ ನೀ. ಅಲ್ಲಿಂದ ಕಿತ್ತು ತರೋದು ಬ್ಯಾಡ ಅನಿಸ್ತು."

ಅವಳು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. "ಅಲ್ಲಿ ನಾ ಅಳ್ಲಾಕ ಹೋಗಿ ಕುಂದರತಿದ್ದೆ ರೀ. ಅವತ್ತು ನಿಮಗ ಬಡಿಸಿದಾಕಿ ನನ್ನ ಹೆತ್ತವ್ವ ಅಲ್ಲ, ಮಲತಾಯಿ. ಹೊಡದಾಗೆಲ್ಲ ಹೋಗಿ ನೀರಾಗ ಕಾಲು ಇಡ್ತಿದ್ದೆ, ಕಾಲ ಮ್ಯಾಲಿನ ಬಾಸುಂಡಿ ತಂಪಾಗಲಿ ಅಂತ. ಕಲಬುರ್ಗಿಗೆ ಒಯ್ತಾರಂತ ಕೇಳಿ ಎರಡು ದಿನ ನಿದ್ದಿ ಬಂದಿರಲಿಲ್ಲ ನನಗ. ಸವತಿ ಆದ್ರೇನು, ನಿಮ್ಮ ಮಾರಿ ನೋಡಿ, ಈ ಅಕ್ಕಾ ಛಲೋ ಅದಾರ ಅನ್ಕೊಂಡಿದ್ದೆ. ನೀವು ಹೋದ ಮ್ಯಾಲ ಮತ್ತ ಹೊಡತ ಬಿತ್ತು, ನಾನೇ ಏನೋ ಅಂದೀನಿ ಅಂತ. ಆಮ್ಯಾಲ ಈ ಮುದುಕಗ ಕೊಟ್ರು." ಕೊನೆಗೆ ಹೇಳಿದಳು: "ಅವರು ಯಾರೂ ನನ್ನ ಕೇಳಲಿಲ್ಲ. ನೀವೂ ಕೇಳಲಿಲ್ಲಲ್ರಿ."

ನೀರಿನ ಲೋಟ ಖಾಲಿ ಮಾಡಿ, ದವಾಖಾನೆಯಲ್ಲಿ ಅವರೊಬ್ಬರೇ ಇದ್ದಾರೆ ಎಂದು ಎದ್ದು ಹೋದಳು.

ಅಂದಿನಿಂದ ವೈನಿಯ ಚಡಪಡಿಕೆಯ ಬಗೆಯೇ ಬೇರೆಯಾಯಿತು. ಮೊದಲು ಕೆಲಸ ಹುಡುಕಿಕೊಂಡು ಓಡಾಡುತ್ತಿದ್ದರು. ಈಗ ಕೆಲಸವಿಲ್ಲದೆ ಓಡಾಡಿದರು. ಅಂಗಳದಿಂದ ಹಿತ್ತಲಿಗೆ, ಹಿತ್ತಲಿಂದ ಅಂಗಳಕ್ಕೆ. ಜೇಕಿಗೆ ನೀರು ಹಾಕುವುದನ್ನೂ ಮರೆತರು. ನಾನೇ ಹೋಗಿ ಹಾಕಿ ಬರುತ್ತಿದ್ದೆ.

"ಸಣ್ಣ ಹುಡುಗಿನ್ನ ಸವತಿ ಮಾಡಿ ತರೋದು ತಪ್ಪೇ ಅಲ್ಲೇನ್ರಿ ವೈನಿ? ನೀವು ಮಾಡಿದ್ದು ಖರೆನೇ ಅದ," ಎಂದು ನಾನು ಸಮಾಧಾನ ಹೇಳಲು ಹೋದೆ.

"ಬ್ಯಾಡ ಅಂದಿದ್ದು ತಪ್ಪಲ್ಲ," ಎಂದರು. "ಆದ್ರ ನಾ ಆಕಿನ್ನ ನೋಡಲೇ ಇಲ್ಲ ನೋಡು. ಆ ಹೂವು, ಆ ನೀರು ಕಂಡು ನನ್ನನ್ನೇ ನಾ ನೋಡ್ಕೊಂಡು ಬಂದೆ. ಕಾಲ ಮ್ಯಾಲ ಬಾಸುಂಡಿ ಇದ್ವೋ ಏನೋ, ಅದನ್ನ ಯಾರು ನೋಡಿದ್ರು?"

ಮುಂದಿನ ಸುಗ್ಗಿಯ ಹೊತ್ತಿಗೆ ಆ ಮುದುಕ ತೀರಿಕೊಂಡನೆಂದು ಗಂಜಿಗೆ ತೊಗರಿ ತಂದ ಆ ಕಡೆಯ ರೈತರಿಂದ ತಿಳಿಯಿತು. ಮಕ್ಕಳೂ ಇರಲಿಲ್ಲವಂತೆ. ವೈನಿ ಅಣ್ಣಾವರನ್ನು ಕೇಳಿದರು: "ಆಕಿನ್ನ ನಮ್ಮ ಮನಿಗೆ ಕರಕೊಂಡು ಬರ್ಲೇನ್ರಿ? ಮಗಳಂಗ ಇರ್ತಾಳ." ಅಣ್ಣಾವರು "ಮೊದಲ ಆಕಿನ್ನ ಕೇಳು," ಎಂದರು. ಬೇರೆ ಏನಾದರೂ ಅಂದಿದ್ದರೆ ವೈನಿ ಹೊರಡುತ್ತಿರಲಿಲ್ಲವೇನೋ.

ಈ ಸಲವೂ ಜೊತೆಗೆ ನಾನೇ. ಒದ್ದೆ ಗೋಣಿಯಲ್ಲಿ ಜೇಕಿನ ಒಂದು ಕಂತೆ ಕಟ್ಟಿ ಗಾಡಿಯಲ್ಲಿ ಇಟ್ಟುಕೊಂಡಿದ್ದರು. ಯಾತಕ್ಕೆ ಎಂದು ನಾನು ಕೇಳಲಿಲ್ಲ; ಬರಿಗೈಯಲ್ಲಿ ಹೋಗಲು ಆಗದವರು ಕೈಗೆ ಸಿಕ್ಕದ್ದನ್ನು ಒಯ್ಯುತ್ತಾರೆ.

ಆಳಂದದ ಕಡೆ ಕರಿನೆಲ, ಕಣ್ಣು ಹಾಯುವವರೆಗೆ ತೊಗರಿ ಮತ್ತು ಜೋಳ. ಅವಳು ಹೊಲದಲ್ಲಿದ್ದಳು. ಕುಡಗೋಲು ಸೊಂಟಕ್ಕೆ ಸಿಕ್ಕಿಸಿ ಬಂದು, ನಮ್ಮನ್ನು ಬೇವಿನ ನೆರಳಿಗೆ ಕರೆದೊಯ್ದಳು. ವೈನಿ ಕೂರಲಿಲ್ಲ, ಅವಳ ಎದುರು ನಿಂತರು.

"ನಿನ್ನ ಕೇಳ್ಲಾಕ ಬಂದೀನಿ. ನಮ್ಮ ಮನಿಗೆ ಬಂದು ಇರ್ತೀಯೇನು? ಬ್ಯಾಡಂದ್ರ ಬ್ಯಾಡ. ನೀ ಏನಂತಿ ಅದೇ."

ಅವಳು ಹೊಲದ ಕಡೆ ನೋಡಿದಳು. ವೈನಿಯ ಬೆರಳುಗಳು ಸೆರಗನ್ನು ಸುತ್ತಿ ಬಿಚ್ಚಿ ಮಾಡುತ್ತಿದ್ದವು.

"ಇಲ್ರಿ ಅಕ್ಕಾರ, ನಾ ಬರಂಗಿಲ್ಲ," ಎಂದಳು. "ಈ ಹೊಲ ನಾನೇ ಮಾಡ್ಲಾಕತ್ತೀನಿ. ಬಿತ್ತೋದು ನಂದೇ, ರಾಶಿ ಮಾಡೋದು ನಂದೇ. ಇಲ್ಲಿ ಯಾರೂ ಎದ್ದೇಳು ಅನ್ನಂಗಿಲ್ಲ, ಕುಂದ್ರು ಅನ್ನಂಗಿಲ್ಲ."

"ಆಗ್ಲಿ," ಎಂದರು ವೈನಿ. ಗೋಣಿಯ ಗಂಟನ್ನು ಮುಂದೆ ಚಾಚಿದರು. "ಇದು ನಿನಗಂತ ತಂದಿದ್ದೆ."

ಅವಳು ಬಿಚ್ಚಿ ನೋಡಿದಳು. ಬಿಳಿ ಗುಂಡಿಗಳು ದಾರಿಯ ಧೂಳಿಗೂ ಬಾಡಿರಲಿಲ್ಲ. "ಛಂದ ಅದ ರೀ. ಆದ್ರ ಕುಡಿಯೋ ನೀರು ನಾವು ದೂರದಿಂದ ಹೊತ್ತು ತರ್ತೀವಿ, ಇದಕ್ಕ ಎಲ್ಲಿಂದ ತರ್ಲಿ? ಮತ್ತ..." ಅವಳು ಗಂಟನ್ನು ಮೆಲ್ಲಗೆ ಕಟ್ಟಿದಳು. "ಇದು ಕಂಡ್ರ ನನಗ ಆ ದಿನಗಳೇ ನೆನಪಾಗ್ತಾವ. ನೀವೇ ಇಟ್ಕೊಳ್ರಿ."

"ಖರೆ," ಎಂದರು ವೈನಿ. "ಖರೆ ಅದ."

ಅವಳು ನಮ್ಮನ್ನು ಉಣ್ಣದೆ ಕಳಿಸಲಿಲ್ಲ. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಹೊರಡುವಾಗ ಗಾಡಿಯಲ್ಲಿ ತೊಗರಿಯ ಒಂದು ಸಣ್ಣ ಗಂಟು ಇಟ್ಟಳು. ನಮ್ಮ ಗಾಡಿ ತಿರುಗುವವರೆಗೂ ನಿಲ್ಲಲಿಲ್ಲ. ಕೆಲಸ ಬಾಕಿ ಇತ್ತು, ಹೊಲಕ್ಕೆ ಇಳಿದಳು.

ಅರ್ಧ ದಾರಿಯಲ್ಲಿ ಒಂದು ಹಳ್ಳ. ನೀರು ಕಡಿಮೆಯಾಗಿ ನಡುವೆ ಸಣ್ಣಗೆ ಹರಿಯುತ್ತಿತ್ತು, ದಂಡೆ ಮಾತ್ರ ಹಸಿಯಾಗಿತ್ತು. "ನಿಲ್ಸಪ್ಪ," ಎಂದು ವೈನಿ ಇಳಿದರು. ಗೋಣಿ ಬಿಚ್ಚಿ ಕಂತೆಯನ್ನು ಬೆರಳಿನಿಂದ ಬಿಡಿಸಿದರು. ಹಸಿಮಣ್ಣಿನಲ್ಲಿ, ಆಳಕ್ಕೆ ಹೋಗದಂತೆ, ಒಂದೊಂದನ್ನೇ ಒತ್ತಿದರು. ನಾನೂ ಇಳಿದು ಕೈಹಚ್ಚಲು ಹೋದೆ. ಬೇಡ ಎಂದು ತಲೆ ಅಲ್ಲಾಡಿಸಿದರು.

ಸ್ವಲ್ಪ ದೂರದಲ್ಲಿ ಎಮ್ಮೆಗಳನ್ನು ನೀರಿಗೆ ಬಿಟ್ಟಿದ್ದ ಮುದುಕನೊಬ್ಬ ನೋಡುತ್ತಿದ್ದ. "ಯವ್ವಾ, ಅದು ಜೇಕು ಅಲ್ಲೇನು? ನನ್ನ ಎಮ್ಮಿ ತಿಂತಾವ ಅದನ್ನ!" ಎಂದು ಕೂಗಿದ.

"ತಿಂದ್ರ ತಿನ್ಲಿ, ಯಪ್ಪಾ," ಎಂದರು ವೈನಿ. ಹಳ್ಳದ ನೀರಿನಲ್ಲಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಗಾಡಿ ಹತ್ತಿದರು. ಹಿಂದೆ ತಿರುಗಿ ನೋಡಲಿಲ್ಲ.

"ಆಕಿ ಹೊಲ ನೋಡಿದಿ? ಒಂದು ಕಸ ಇಲ್ಲ," ಎಂದರು ಸ್ವಲ್ಪ ಹೊತ್ತಾದ ಮೇಲೆ. ಆಮೇಲೆ ಗಾಡಿಯವನಿಗೆ, "ಜಲ್ದಿ ಹೊಡಿಯಪ್ಪ. ಮನ್ಯಾಗ ಅವರು ಒಬ್ರೇ ಅದಾರ."